ಅಳಿಯುವ ಅಚ್ಚು, ಉಳಿಯುವ ಎರಕ: ಧಾರವಾಡ ಸೀಮೆಯ ಎರಕವಿದ್ಯೆಯ ಚರಿತ್ರೆಗೊಂದು ಪೀಠಿಕೆ

ಕರ್ನಾಟಕದ ಲೋಹಕಲೆಯನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಸಿದ್ಧವಸ್ತುವಿನಿಂದ ಆರಂಭವಾಗುತ್ತವೆ. ವಿಗ್ರಹ, ಗಂಟೆ, ದೀಪ, ತೋಪು ಇವುಗಳ ಕಾಲ, ಶೈಲಿ, ಧರ್ಮಸಂಬಂಧ ಹಾಗೂ ದಾನಿಯ ಹೆಸರು ಚರ್ಚೆಗೆ ಬರುತ್ತವೆ. ಆ ವಸ್ತು ಯಾವ ಅಚ್ಚಿನಿಂದ ಹೊರಬಂದಿತು, ಆ ಅಚ್ಚನ್ನು ಯಾವ ಪಡಿರೂಪದ ಮೇಲೆ ಕಟ್ಟಲಾಯಿತು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಬದಿಗೆ ಉಳಿಯುತ್ತವೆ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಎರಕವಿದ್ಯೆಯಲ್ಲಿ ಜ್ಞಾನ ನೆಲೆಸಿರುವುದು ಅಚ್ಚಿನಲ್ಲಿ ಮತ್ತು ಪಡಿರೂಪದಲ್ಲಿ. ಆದರೆ ಕಾಲದ ಹೊಡೆತ ತಾಳಿ ಉಳಿಯುವುದು ಲೋಹ ಮಾತ್ರ. ಮೇಣ ಕರಗಿಹೋಗುತ್ತದೆ, ಮಣ್ಣಿನ ಅಚ್ಚನ್ನು ಒಡೆಯಲಾಗುತ್ತದೆ, ಮರದ ಪಡಿರೂಪ ಹಳತಾದ ಮೇಲೆ ಒಲೆಯ ಪಾಲಾಗುತ್ತದೆ. ಹೀಗೆ ಅಳಿದುಹೋಗುವ ಅರ್ಧವನ್ನು ಚರಿತ್ರೆಯೊಳಗೆ ತರಲು ಯಾವ ಆಕರಗಳು ನಮಗಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕುಂದಗೋಳ ತಾಲ್ಲೂಕಿನ ಯರಗುಪ್ಪಿ ಮತ್ತು ಅದರ ಸುತ್ತಲಿನ ಎರೆಸೀಮೆಯನ್ನು ಇಲ್ಲಿ ನೋಟದ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ.

ಪದ ಮತ್ತು ಪರಿಕಲ್ಪನೆ

‘ಎರೆ’ ಎಂಬ ಕ್ರಿಯಾಪದಕ್ಕೆ ಸುರಿ, ಹೊಯ್ಯು ಎಂಬ ಅರ್ಥಗಳಿವೆ. ‘ಎರಕ’ ಎಂಬ ನಾಮಪದ ಅದರಿಂದ ಹುಟ್ಟಿದ್ದು. ಕಪ್ಪು ಮಣ್ಣನ್ನು ಸೂಚಿಸುವ ‘ಎರೆ’ ಎಂಬ ಪದವೂ ಇದೇ ಸೀಮೆಯಲ್ಲಿ ಬಳಕೆಯಲ್ಲಿದೆ. ಧ್ವನಿಸಾಮ್ಯ ಮಾತ್ರದಿಂದ ಯರಗುಪ್ಪಿ ಎಂಬ ಗ್ರಾಮನಾಮದ ಪೂರ್ವಪದವನ್ನು ಎರಕದ ಕಸುಬಿಗೆ ತಳುಕು ಹಾಕುವುದು ಸ್ಥಳನಾಮಶಾಸ್ತ್ರದ ದೃಷ್ಟಿಯಿಂದ ಸಲ್ಲದು. ಆದರೆ ಮಣ್ಣಿಗೂ ಎರಕಕ್ಕೂ ಇರುವ ಸಂಬಂಧ ಪದದ ಮಟ್ಟದಲ್ಲಿ ಅಲ್ಲದಿದ್ದರೂ ಕಸುಬಿನ ಮಟ್ಟದಲ್ಲಿ ನಿಜವಾದದ್ದು. ಅದನ್ನು ಮುಂದೆ ವಿವರಿಸಲಾಗಿದೆ.

ಎರಕದ ಕೆಲಸದಲ್ಲಿ ಮೂರು ಹಂತಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ಬೇಕಾದ ವಸ್ತುವಿನ ಆಕಾರವನ್ನು ಮೇಣ ಅಥವಾ ಮರದಲ್ಲಿ ಮಾಡಿಕೊಳ್ಳುವ ಪಡಿರೂಪ; ಇಂದಿನ ಕಾರ್ಖಾನೆಗಳ ಬಳಕೆಮಾತಿನಲ್ಲಿ ಇದಕ್ಕೆ ‘ಪ್ಯಾಟರ್ನ್’ ಎನ್ನುತ್ತಾರೆ. ಎರಡನೆಯದು ಪಡಿರೂಪದ ಸುತ್ತ ಮಣ್ಣು ಅಥವಾ ಮರಳನ್ನು ಕಟ್ಟಿ ಪಡೆಯುವ ಟೊಳ್ಳು, ಅಂದರೆ ಅಚ್ಚು. ಮೂರನೆಯದು ಆ ಟೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯುವ ಎರಕ. ವಸ್ತುವಿನ ಒಳಗೇ ಪೊಳ್ಳು ಬೇಕಾದರೆ ಅಚ್ಚಿನೊಳಗೆ ಮಣ್ಣಿನ ತಿರುಳನ್ನು ಇಡಬೇಕಾಗುತ್ತದೆ. ಕುಲುಮೆ, ತಿದಿ, ಮೂಸೆಗಳು ಕಣ್ಣಿಗೆ ಎದ್ದು ಕಾಣುವ ಉಪಕರಣಗಳಾದುದರಿಂದ ಮೂರನೆಯ ಹಂತವೇ ಇಡೀ ವಿದ್ಯೆಯೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಎರಕ ಹೊಯ್ಯುವ ಕೆಲಸ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಅದರ ಯಶಸ್ಸು ಅಥವಾ ವೈಫಲ್ಯ ಅದಕ್ಕೆ ಮೊದಲಿನ ದಿನಗಳ ಕೆಲಸದಲ್ಲಿಯೇ ನಿರ್ಣಯವಾಗಿರುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹಳ್ಳಿಯ ಮನೆಗಳಲ್ಲಿ ಕಾಣುವ ಲೋಹದ ಸಾಮಾನುಗಳೆಲ್ಲ ಎರಕದವಲ್ಲ. ತಾಮ್ರದ ಕೊಡ, ಹಂಡೆಗಳು ತಗಡನ್ನು ಬಡಿದು ಮಾಡಿದವು. ದೇವಾಲಯದ ಗಂಟೆ, ಉತ್ಸವಮೂರ್ತಿ, ದೀಪದ ಕಂಬ, ಎತ್ತಿನ ಕೊರಳ ಗಂಟೆ, ಹಿತ್ತಾಳೆಯ ಕೋಡಣಸು ಮೊದಲಾದವುಗಳಲ್ಲಿ ಎರಕದ ಕೆಲಸವನ್ನು ಹುಡುಕಬೇಕು. ಹುಬ್ಬಳ್ಳಿಯ ಕಂಚಗಾರ ಗಲ್ಲಿ, ಬೆಳಗಾವಿಯ ಬೋಗಾರವೇಸ್ ಎಂಬ ಸ್ಥಳನಾಮಗಳು ಲೋಹದ ಪಾತ್ರೆಪಡಗಗಳ ತಯಾರಿಕೆ ಮತ್ತು ವ್ಯಾಪಾರ ಪೇಟೆಗಳಲ್ಲಿ ನೆಲೆಗೊಂಡಿದ್ದನ್ನು ಸೂಚಿಸುತ್ತವೆ. ಆದರೆ ಅಲ್ಲಿ ಬಡಿಯುವ ಕೆಲಸ ಎಷ್ಟು, ಹೊಯ್ಯುವ ಕೆಲಸ ಎಷ್ಟು ಎಂಬುದನ್ನು ಹೆಸರು ಹೇಳುವುದಿಲ್ಲ, ವಸ್ತುವೇ ಹೇಳಬೇಕು.

ಕಲ್ಯಾಣದ ಗ್ರಂಥಸಾಕ್ಷ್ಯ

ಅಳಿದುಹೋಗುವ ಹಂತಗಳನ್ನು ಬರಹದಲ್ಲಿ ಹಿಡಿದಿಟ್ಟ ಅಪೂರ್ವ ಆಕರವೊಂದು ಕನ್ನಡ ನಾಡಿನಲ್ಲಿಯೇ ರಚಿತವಾಗಿರುವುದು ನಮ್ಮ ಭಾಗ್ಯ. ಕಲ್ಯಾಣ ಚಾಲುಕ್ಯ ಅರಸ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ ಸುಮಾರು ಕ್ರಿ.ಶ. 1129ರ ಸಂಸ್ಕೃತ ಕೃತಿ. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ, ಒಟ್ಟು ನೂರು ಅಧ್ಯಾಯಗಳಲ್ಲಿ, ಅರಸನಿಗೆ ತಿಳಿದಿರಬೇಕಾದ ವಿಷಯಗಳನ್ನು ಅದು ನಿರೂಪಿಸುತ್ತದೆ. ಮೊದಲ ವಿಂಶತಿಯಲ್ಲಿ ದೇವತಾಪ್ರತಿಮೆಗಳನ್ನು ಎರಕ ಹೊಯ್ಯುವ ವಿಧಾನದ ವಿವರಣೆಯಿದೆ. ಆಗಿನ ಬೆಳ್ವೊಲ-300ರ ಮುಖ್ಯ ಪಟ್ಟಣವಾದ ಅಣ್ಣಿಗೇರಿಯೂ, ಶಂಭುಲಿಂಗ ದೇವಾಲಯವಿರುವ ಕುಂದಗೋಳವೂ ಈ ರಾಜ್ಯದೊಳಗೇ ಇದ್ದವು. ಆದ್ದರಿಂದ ಈ ಗ್ರಂಥವನ್ನು ನಮ್ಮ ಸೀಮೆಯ ಎರಕದ ಚರಿತ್ರೆಗೆ ಹೊರಗಿನ ಆಕರವೆಂದು ಭಾವಿಸಬೇಕಾಗಿಲ್ಲ.

ಗ್ರಂಥದಲ್ಲಿ ಹೇಳಿರುವ ಕ್ರಮ ಸಂಕ್ಷೇಪವಾಗಿ ಹೀಗಿದೆ. ಮೊದಲು ನವತಾಲದ ಪ್ರಮಾಣದಂತೆ ಮೇಣದಲ್ಲಿ ಮೂರ್ತಿಯನ್ನು ಮಾಡಬೇಕು. ಬೆನ್ನು, ಹೆಗಲು ಮುಂತಾದ ಕಡೆ ದತ್ತೂರಿಯ ಹೂವಿನಂತೆ ಬಾಯಿ ಅಗಲವಾದ ಮೇಣದ ನಾಳಗಳನ್ನು ಜೋಡಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ ಮತ್ತು ಉಪ್ಪನ್ನು ಸೇರಿಸಿ ಕಲ್ಲಿನ ಮೇಲೆ ಅರೆದ ನುಣ್ಣನೆಯ ಮಣ್ಣನ್ನು ಮೂರು ಲೇಪಗಳಾಗಿ ಬಳಿಯಬೇಕು. ಮೊದಲ ಲೇಪ ತೆಳ್ಳಗಿರಬೇಕು, ನೆರಳಿನಲ್ಲಿ ಒಣಗಬೇಕು. ಕೊನೆಯ ಲೇಪ ದಪ್ಪವಾಗಿರಬೇಕು. ನಾಳಗಳ ಬಾಯಿಗಳು ಮಾತ್ರ ತೆರೆದಿರಬೇಕು. ಅಚ್ಚನ್ನು ಕಾಯಿಸಿ ಮೇಣವನ್ನು ಹೊರಗೆ ಹರಿಸಿ, ತೆಂಗಿನಕಾಯಿಯ ಆಕಾರದ ಮೂಸೆಯಲ್ಲಿ ಕರಗಿಸಿದ ಲೋಹವನ್ನು ತಡೆಯಿಲ್ಲದ ಧಾರೆಯಾಗಿ ನಾಳದ ಬಾಯಿಯವರೆಗೆ ತುಂಬಬೇಕು. ತಣಿದ ಮೇಲೆ ಮಣ್ಣನ್ನು ಎಚ್ಚರಿಕೆಯಿಂದ ಒಡೆದು, ನಾಳಗಳನ್ನು ಕತ್ತರಿಸಿ, ಮೂರ್ತಿಯನ್ನು ತಿದ್ದಬೇಕು. ಶಾಸ್ತ್ರಗ್ರಂಥಗಳಲ್ಲಿ ಮಧೂಚ್ಛಿಷ್ಟ ವಿಧಾನವೆಂದು ಹೆಸರಾದುದು ಇದೇ.

ಈ ವಿವರಣೆಯಲ್ಲಿ ಒಂದೊಂದು ಅಂಶಕ್ಕೂ ಕಾರಣವಿದೆ. ಹೊಟ್ಟು ಮತ್ತು ಹತ್ತಿ ಕಾದಾಗ ಉರಿದುಹೋಗಿ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತವೆ. ಲೋಹ ಒಳನುಗ್ಗುವಾಗ ಗಾಳಿ ಮತ್ತು ಅನಿಲಗಳು ಅವುಗಳ ಮೂಲಕ ಹೊರಗೆ ಹೋಗುತ್ತವೆ. ತೆಳುವಾದ ಮೊದಲ ಲೇಪ ಮೇಣದ ಮೇಲಿನ ನವಿರಾದ ಗೆರೆಗಳನ್ನೂ ಹಿಡಿಯುತ್ತದೆ, ದಪ್ಪನೆಯ ಕೊನೆಯ ಲೇಪ ಲೋಹದ ಒತ್ತಡವನ್ನು ತಡೆಯುತ್ತದೆ. ನೆರಳಿನಲ್ಲಿ ಒಣಗಿಸದಿದ್ದರೆ ಮಣ್ಣು ಸೀಳುತ್ತದೆ. ಬಿಸಿಲಿಗಿಟ್ಟರೆ ಮೇಣವೂ ಮೆದುವಾಗಿ ರೂಪಗೆಡುತ್ತದೆ.

ತೂಕದ ನಿಯಮ ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ಮೇಣವನ್ನು ಮೊದಲೇ ತೂಗಿಕೊಂಡು, ಹಿತ್ತಾಳೆ ಅಥವಾ ತಾಮ್ರವಾದರೆ ಅದರ ಎಂಟು ಪಟ್ಟು (ಹತ್ತು ಪಟ್ಟು ಎಂಬ ಅರ್ಥೈಸುವಿಕೆಯೂ ಇದೆ), ಬೆಳ್ಳಿಯಾದರೆ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹವನ್ನು ತೆಗೆದುಕೊಳ್ಳಬೇಕೆಂದು ಗ್ರಂಥ ವಿಧಿಸುತ್ತದೆ. ಇಂದಿನ ಸಾಂದ್ರತೆಯ ಲೆಕ್ಕದಲ್ಲಿ ಜೇನುಮೇಣದ ಸುಮಾರು ಒಂಬತ್ತು ಪಟ್ಟು ತೂಕ ಹಿತ್ತಾಳೆ ಮತ್ತು ತಾಮ್ರಕ್ಕೆ, ಹನ್ನೊಂದು ಪಟ್ಟು ಬೆಳ್ಳಿಗೆ, ಇಪ್ಪತ್ತು ಪಟ್ಟು ಅಪ್ಪಟ ಚಿನ್ನಕ್ಕೆ ಬರುತ್ತದೆ. ಮೊದಲೆರಡು ಅನುಪಾತಗಳು ವಾಸ್ತವಕ್ಕೆ ಹತ್ತಿರವಾಗಿವೆ. ಚಿನ್ನದ ಅಂಕಿ ಕಡಿಮೆಯಾಗಿದೆ. ಬೆರಕೆ ಕೂಡಿದ ಚಿನ್ನಕ್ಕೆ ಅದು ಹೊಂದಬಹುದು. ಎಂಟು, ಹನ್ನೆರಡು, ಹದಿನಾರು ಎಂಬ ಸಮಾನ ಅಂತರದ ಶ್ರೇಣಿಯನ್ನು ಗಮನಿಸಿದರೆ, ಇದು ಕೆಲಸಗಾರರು ಬಾಯಿಪಾಠವಾಗಿ ಇಟ್ಟುಕೊಂಡಿದ್ದ ಲೆಕ್ಕವಿರಬಹುದೆಂದು ತೋರುತ್ತದೆ. ಅರ್ಧಕ್ಕೆ ಲೋಹ ಸಾಲದೆಹೋದರೆ ಮೇಣವೂ ಇಲ್ಲ, ಅಚ್ಚೂ ಇಲ್ಲ, ಮೂರ್ತಿಯೂ ಇಲ್ಲ. ಆ ನಷ್ಟವನ್ನು ತಪ್ಪಿಸುವ ಲೆಕ್ಕವೇ ಇದು. ಅರಸನ ಹೆಸರಿನ ಗ್ರಂಥದಲ್ಲಿ ನಾವು ಓದುತ್ತಿರುವುದು ಹೆಸರಿಲ್ಲದ ಕಂಚುಗಾರರ ಅನುಭವವನ್ನು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಯುರೋಪಿನಲ್ಲಿ ಥಿಯೋಫಿಲಸ್ ಎಂಬ ಹೆಸರಿನ ಸಂನ್ಯಾಸಿ ಲ್ಯಾಟಿನ್ ಭಾಷೆಯಲ್ಲಿ ಗಂಟೆ ಮತ್ತು ಧೂಪಪಾತ್ರೆಗಳ ಎರಕವನ್ನು ವಿವರಿಸಿದ್ದೂ ಇದೇ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ. ಒಬ್ಬರನ್ನೊಬ್ಬರು ಅರಿಯದ ಎರಡು ನಾಡುಗಳಲ್ಲಿ ಈ ವಿದ್ಯೆ ಏಕಕಾಲಕ್ಕೆ ಬರಹಕ್ಕೆ ಇಳಿಯಿತು. ಯುರೋಪಿನಲ್ಲಿ ಆ ಗ್ರಂಥದ ಮೇಲೆ ಪ್ರಾಯೋಗಿಕ ಅಧ್ಯಯನಗಳ ಪರಂಪರೆಯೇ ಬೆಳೆದಿದೆ. ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಮೈಸೂರಿನಿಂದ 1926ರಲ್ಲಿ ಮೊದಲ ಭಾಗವಾಗಿಯೂ, ಜಿ.ಕೆ. ಶ್ರೀಗೊಂಡೇಕರ ಅವರಿಂದ ಬರೋಡದ ಗಾಯಕವಾಡ ಮಾಲೆಯಲ್ಲಿ 1925ರಿಂದ ಸಂಪುಟಗಳಾಗಿಯೂ ಪ್ರಕಟವಾದ ನಮ್ಮ ಗ್ರಂಥವನ್ನು ಕುಲುಮೆಯ ಮುಂದೆ ಇಟ್ಟುಕೊಂಡು ಓದುವ ಕೆಲಸ ಇನ್ನೂ ಹೆಚ್ಚಾಗಿ ನಡೆಯಬೇಕಾಗಿದೆ.

ಮಣ್ಣಿನ ಗುಣ

ಬೆಣ್ಣೆಹಳ್ಳದ ಬಯಲಿನ ಎರೆಮಣ್ಣು ಹತ್ತಿ, ಜೋಳ, ಕಡಲೆಗಳಿಗೆ ಹೆಸರಾದುದು. ಮಣ್ಣೆತ್ತಿನ ಅಮಾವಾಸ್ಯೆಯಂದು ಇದೇ ಸೀಮೆಯ ಮನೆಗಳಲ್ಲಿ ಮಣ್ಣಿನ ಎತ್ತುಗಳು ಮೂಡುತ್ತವೆ. ಆದರೆ ಎರೆಮಣ್ಣೊಂದರಿಂದಲೇ ಎರಕದ ಅಚ್ಚನ್ನು ಕಟ್ಟಲಾಗದು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವುದು ಅದರ ಸ್ವಭಾವ. ಬೇಸಿಗೆಯ ಹೊಲಗಳಲ್ಲಿ ಕೈ ಇಳಿಯುವಷ್ಟು ಸೀಳುಗಳು ಏಳುವುದನ್ನು ಎಲ್ಲರೂ ಕಂಡಿದ್ದಾರೆ. ಅಚ್ಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿದ್ದರೂ ಲೋಹ ಅದರೊಳಗೆ ಹರಿದು ಎರಕ ಕೆಡುತ್ತದೆ. ಆದ್ದರಿಂದ ಅಚ್ಚಿಗೆ ಮರಳಿನ ಅಂಶವುಳ್ಳ ಮಣ್ಣು ಅಥವಾ ನದಿಯ ಮೆಕ್ಕಲು ಬೇಕು; ಅದಕ್ಕೆ ಹೊಟ್ಟು, ಸೆಗಣಿ, ನಾರುಗಳಂತಹ ಬೆರಕೆಯೂ ಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎರೆಮಣ್ಣಿಗೆ ಉಬ್ಬುವ ಗುಣವನ್ನು ಕೊಡುವ ಜೇಡಿಖನಿಜಗಳ ಗುಂಪಿಗೇ ಬೆಂಟೊನೈಟ್ ಸೇರಿದೆ. ಇಂದಿನ ಎರಕಶಾಲೆಗಳಲ್ಲಿ ಹಸಿ ಮರಳಿನ ಕಣಗಳನ್ನು ಹಿಡಿದಿಡಲು ನೂರಕ್ಕೆ ಸುಮಾರು ಐದರಿಂದ ಹತ್ತರಷ್ಟು ಬೆರೆಸುವುದು ಇದನ್ನೇ. ಹೊಲದಲ್ಲಿ ಅತಿಯಾಗಿ ಇದ್ದು ಅಚ್ಚಿಗೆ ಒಗ್ಗದ ಗುಣವೇ ಅಳತೆಯಲ್ಲಿ ಬೆರೆತಾಗ ಅಚ್ಚಿನ ಬಲವಾಗುತ್ತದೆ. ಯಾವ ಮಣ್ಣಿಗೆ ಏನನ್ನು, ಎಷ್ಟು ಬೆರೆಸಬೇಕೆಂಬ ವಿವೇಕವೇ ಎರಕದ ಮೊದಲ ಪಾಠವೆಂಬುದು ಮಾನಸೋಲ್ಲಾಸದ ಮಣ್ಣಿನ ಪಾಕಕ್ಕೂ ಆಧುನಿಕ ಮರಳಿನ ಪಾಕಕ್ಕೂ ಸಮಾನವಾಗಿದೆ.

ಮೇಣದಿಂದ ಮರದೆಡೆಗೆ

ಕಲ್ಯಾಣ ಚಾಲುಕ್ಯರ ಅನಂತರ ಎರಕದ ಕೆಲಸ ಮೂರ್ತಿಗಳಾಚೆಗೆ ಹರಡಿದುದಕ್ಕೆ ಉತ್ತರ ಕರ್ನಾಟಕದಲ್ಲಿಯೇ ಎರಡು ಪ್ರಸಿದ್ಧ ನಿದರ್ಶನಗಳಿವೆ. ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ‘ಮಲಿಕ್-ಎ-ಮೈದಾನ್’ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕವಾದದ್ದು. ಹದಿನಾಲ್ಕು ಅಡಿಗೂ ಮೀರಿದ ಉದ್ದ, ಸುಮಾರು 55 ಟನ್ ತೂಕದ ಈ ಕಂಚಿನ ರಾಶಿಯ ನಡುವೆ ಪೊಳ್ಳು ಉಳಿಯಬೇಕಾದರೆ ಭಾರಿ ತಿರುಳನ್ನು ಅಲುಗದಂತೆ ನಿಲ್ಲಿಸುವ ವಿದ್ಯೆ ಬೇಕು. ಅದನ್ನು ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ರೂಮಿಯ ಹೆಸರು ತೋಪಿನ ಮೇಲೆಯೇ ಇದೆ. ಶಿಲೆಯ ಕೆಲಸದಲ್ಲಿ ರೂವಾರಿಗಳ ಹೆಸರುಗಳು ಉಳಿದಿವೆ, ಆಯುಧದ ಮೇಲೆ ಎರಕದವನ ಹೆಸರು ಉಳಿದಿದೆ. ಗುಡಿಯ ಗಂಟೆ ಮತ್ತು ಉತ್ಸವಮೂರ್ತಿಗಳನ್ನು ಮಾಡಿದ ಕಂಚುಗಾರನ ಹೆಸರು ಸಿಗುವುದು ಮಾತ್ರ ವಿರಳ. ಶಾಸನಗಳಲ್ಲಿ ಕಂಚಗಾರ, ಕಮ್ಮಾರ, ಅಕ್ಕಸಾಲೆ ಎಂಬ ವೃತ್ತಿನಾಮಗಳೂ, ಗೊತ್ತಳಿ ಎಂಬ ಸಂಘಗಳ ಉಲ್ಲೇಖಗಳೂ ಬರುತ್ತವೆ. ಅವು ಸಮೂಹದ ಹೆಸರುಗಳು, ವ್ಯಕ್ತಿಯವಲ್ಲ.

ಎರಡನೆಯ ನಿದರ್ಶನ ಬೀದರಿನ ಬಿದರಿ ಕಲೆ. ಸತುವಿನ ಪಾಲು ಬಹಳ ಹೆಚ್ಚಾಗಿದ್ದು ಸ್ವಲ್ಪವೇ ತಾಮ್ರ ಬೆರೆತ ಲೋಹವನ್ನು ಅಚ್ಚಿನಲ್ಲಿ ಹೊಯ್ದು, ಅನಂತರ ಬೆಳ್ಳಿಯ ಕುಂದಣ ಕೆಲಸ ಮಾಡುತ್ತಾರೆ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಲೆಯ ಕುರಿತ ಬರಹಗಳೂ ಬೆಳ್ಳಿಯ ಬಳ್ಳಿಗಳನ್ನು ವರ್ಣಿಸುವಷ್ಟು ಅದರಡಿಯ ಎರಕವನ್ನು ವರ್ಣಿಸಿಲ್ಲ. ಎಣ್ಣೆ ಮತ್ತು ರಾಳ ಬೆರೆತ ಮಣ್ಣಿನಲ್ಲಿ ಪಡಿರೂಪವನ್ನು ಒತ್ತಿ ಅಚ್ಚು ತೆಗೆಯುವ ಅಲ್ಲಿಯ ಇಂದಿನ ಕ್ರಮದಲ್ಲಿ ಒಂದು ಮುಖ್ಯ ಬದಲಾವಣೆ ಕಾಣುತ್ತದೆ. ಪಡಿರೂಪ ಇಲ್ಲಿ ಕರಗಿಹೋಗುವುದಿಲ್ಲ. ಅದನ್ನು ಹೊರತೆಗೆದು ಮತ್ತೆ ಬಳಸಬಹುದು.

ಈ ಬದಲಾವಣೆ ವ್ಯಾಪಕವಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಸದರ್ನ್ ಮರಾಠಾ ರೈಲ್ವೆ 1885ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ತನ್ನ ಕಾರ್ಯಾಗಾರವನ್ನು ಸ್ಥಾಪಿಸಿತು. ಆ ಕಾಲದ ರೈಲ್ವೆ ಕಾರ್ಯಾಗಾರಗಳಿಗೆ ಎರಕಶಾಲೆಯೂ ಪಡಿರೂಪಶಾಲೆಯೂ ಅವಿಭಾಜ್ಯ ಅಂಗಗಳಾಗಿದ್ದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲಿನತ್ತ ಬಂದರು. 1903ರಲ್ಲಿ ತಯಾರಾದ ಅವರ ಕಬ್ಬಿಣದ ನೇಗಿಲನ್ನು ರೈತರು ಮೊದಲು ಸಂಶಯದಿಂದ ಕಂಡರು. ಕಬ್ಬಿಣ ಭೂಮಿಯನ್ನು ಕೆಡಿಸುತ್ತದೆಂಬ ಭಯವಿತ್ತೆಂದು ಆ ಸಂಸ್ಥೆಯ ಇತಿಹಾಸದಲ್ಲಿ ಹೇಳಲಾಗುತ್ತದೆ. 1910ರಲ್ಲಿ ಅವರು ಔಂಧ್ ಸಂಸ್ಥಾನದ ಕುಂಡಲ್ ರೋಡಿಗೆ ತೆರಳಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ ಎರಕಕ್ಕೆ ಬೇಕಾದ ಬೀಡುಕಬ್ಬಿಣವೂ ಕನ್ನಡ ನಾಡಿನಲ್ಲಿಯೇ ದೊರೆಯುವಂತಾಯಿತು. ಸ್ವಾತಂತ್ರ್ಯಾನಂತರ ಬೆಳಗಾವಿಯ ಉದ್ಯಮಬಾಗ ಮತ್ತು ಸುತ್ತಲಿನ ವಸಾಹತುಗಳು ರಾಜ್ಯದ ಪ್ರಮುಖ ಎರಕ ಕೇಂದ್ರವಾಗಿ ಬೆಳೆದವು.

ಮರದ ಪಡಿರೂಪ ಮಾಡುವುದು ಬಡಗಿಯ ಕೆಲಸವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಬಾಗಿಲು ಮಾಡುವ ಬಡಗಿ ಬೇಕಾದ ಅಳತೆಗೇ ಕೊಯ್ದರೆ, ಪಡಿರೂಪದ ಬಡಗಿ ಬೇಕಾದ ಅಳತೆಗಿಂತ ಹೆಚ್ಚಾಗಿ ಕೊಯ್ಯಬೇಕು. ಲೋಹ ತಣಿಯುವಾಗ ಕುಗ್ಗುತ್ತದೆ: ಬೀಡುಕಬ್ಬಿಣ ಒಂದು ಮೀಟರಿಗೆ ಸುಮಾರು 10 ಮಿಲಿಮೀಟರ್, ಹಿತ್ತಾಳೆ ಸುಮಾರು 15 ಮಿಲಿಮೀಟರ್. ಈ ಕುಗ್ಗುವಿಕೆಯನ್ನು ಗೀಟುಗಳಲ್ಲಿಯೇ ಅಡಗಿಸಿಕೊಂಡ ಅಳತೆಕೋಲು ಅವನ ಕೈಯಲ್ಲಿರುತ್ತದೆ; ಅದರ ಒಂದು ಅಡಿ ಸಾಧಾರಣ ಅಡಿಗಿಂತ ಉದ್ದ. ಮರಳು ಉದುರದಂತೆ ಪಡಿರೂಪ ಮೇಲೆದ್ದು ಬರಲು ಬದಿಗಳಿಗೆ ಸ್ವಲ್ಪ ಓರೆ ಕೊಡಬೇಕು. ಅನಂತರ ಕಡೆದು ನಯಗೊಳಿಸಬೇಕಾದ ಮುಖಗಳಿಗೆ ಹೆಚ್ಚಿನ ದಪ್ಪ ಬಿಡಬೇಕು. ತಿರುಳು ಕುಳಿತುಕೊಳ್ಳುವ ಗುಣಿಗಳಿಗಾಗಿ ವಸ್ತುವಿನಲ್ಲಿಯೇ ಇಲ್ಲದ ಚಾಚುಗಳನ್ನು ಸೇರಿಸಬೇಕು. ಪಡಿರೂಪ ಹೀಗೆ ವಸ್ತುವಿನ ಬರಿಯ ನಕಲಲ್ಲ. ಮುಂದೆ ಲೋಹ ಹೇಗೆ ವರ್ತಿಸುವುದೆಂಬುದರ ಮುಂಗಾಣ್ಕೆ. ಮಾನಸೋಲ್ಲಾಸದ ತೂಕದ ಲೆಕ್ಕದಲ್ಲಿ ಕಂಡ ಬುದ್ಧಿಯೇ ಇಲ್ಲಿ ಅಳತೆಯ ಲೆಕ್ಕವಾಗಿ ಮುಂದುವರಿದಿದೆ. ದೇವಾಲಯದ ಎರಕ ಮತ್ತು ಕಾರ್ಖಾನೆಯ ಎರಕಗಳನ್ನು ಕಲೆ ಮತ್ತು ಕೈಗಾರಿಕೆ ಎಂದು ಬೇರೆ ಬೇರೆ ಅಧ್ಯಾಯಗಳಿಗೆ ಹಂಚುವ ರೂಢಿಯನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕಾಗಿದೆ.

ವಸ್ತುವನ್ನು ಓದುವ ಬಗೆ

ಅಚ್ಚು ಅಳಿದರೂ ಅದರ ಗುರುತುಗಳು ಲೋಹದ ಮೇಲೆ ಉಳಿಯುತ್ತವೆ. ಎರಡು ಪೆಟ್ಟಿಗೆಗಳ ಮರಳಿನ ಅಚ್ಚಿನಲ್ಲಿ ಹೊಯ್ದ ವಸ್ತುವಿನ ಬದಿಯಲ್ಲಿ, ಎರಡು ಅರ್ಧಗಳು ಕೂಡಿದ ಕಡೆ, ತೆಳುವಾದ ಗೆರೆ ಕಾಣುತ್ತದೆ. ಮೇಣದ ಪಡಿರೂಪದಿಂದ ನೇರವಾಗಿ ಬಂದ ವಸ್ತುವಿನಲ್ಲಿ ಈ ಗೆರೆ ಇರದು. ಕತ್ತರಿಸಿದ ನಾಳದ ಬುಡ ಮೂರ್ತಿಯ ಹಿಂಬದಿಯಲ್ಲಿ ಗಡುಸಾಗಿ ಉಳಿದಿರಬಹುದು. ಗಂಟೆಯ ಒಳಮೈಯ ಒರಟುತನ ತಿರುಳಿನ ಮಣ್ಣನ್ನು ಕುರಿತು ಹೇಳುತ್ತದೆ. ಅನಿಲ ಹೊರಹೋಗದೆ ಉಳಿದ ಸಣ್ಣ ಕುಳಿಗಳು, ಅವುಗಳನ್ನು ಮುಚ್ಚಲು ಹಾಕಿದ ತೇಪೆಗಳು ಕಲಾವಿಮರ್ಶಕನಿಗೆ ದೋಷಗಳಾದರೆ ಎರಕದ ಚರಿತ್ರಕಾರನಿಗೆ ದಾಖಲೆಗಳು. ಯರಗುಪ್ಪಿಯಂತಹ ಊರಿನ ಗುಡಿಯ ಗಂಟೆ, ಜಾತ್ರೆಯ ಮೂರ್ತಿ, ಕಾರಹುಣ್ಣಿಮೆಗೆ ಎತ್ತುಗಳಿಗೆ ತೊಡಿಸುವ ಕೋಡಣಸು ಮತ್ತು ಗಂಟೆಗಳು, ಅಟ್ಟದ ಮೇಲಿನ ಹಳೆಯ ಕಬ್ಬಿಣದ ನೇಗಿಲು ಇವುಗಳನ್ನು ಈ ಕಣ್ಣಿನಿಂದ ನೋಡಿದರೆ ಒಂದೇ ಗ್ರಾಮದಲ್ಲಿ ಮೇಣದ ಕಾಲವೂ ಮರದ ಕಾಲವೂ ಜೊತೆಯಾಗಿ ದೊರೆಯುವ ಸಂಭವವಿದೆ. ಪೂಜೆಯಲ್ಲಿರುವ ವಸ್ತುಗಳನ್ನು ಊರವರ ಒಪ್ಪಿಗೆಯಿಲ್ಲದೆ ಮುಟ್ಟಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಕಣ್ಣಳತೆಯ ದಾಖಲೆ, ಛಾಯಾಚಿತ್ರಗಳಿಂದಲೇ ಬಹಳಷ್ಟು ತಿಳಿಯುತ್ತದೆ.

ಉಪಸಂಹಾರ

ಇಂದು ಪಡಿರೂಪದ ಆಕಾರ ಗಣಕಯಂತ್ರದ ತೆರೆಯ ಮೇಲೆ ಮೂಡುತ್ತದೆ. ರಾಳ, ಅಲ್ಯೂಮಿನಿಯಂಗಳಲ್ಲಿ ಯಂತ್ರವೇ ಅದನ್ನು ಕಡೆಯುತ್ತದೆ, ಪದರಪದರವಾಗಿ ಮುದ್ರಿಸುವುದೂ ಉಂಟು. ಇದು ಪ್ರಗತಿಯ ಸಹಜ ಗತಿ, ಅದಕ್ಕಾಗಿ ಮರುಗಬೇಕಾಗಿಲ್ಲ. ಆದರೆ ಸಾಗುವಾನಿಯ ಹಳೆಯ ಪಡಿರೂಪಗಳು ಎರಕಶಾಲೆಗಳ ಮೂಲೆಗಳಲ್ಲಿ ಧೂಳು ತಿನ್ನುತ್ತ, ಜಾಗ ಬೇಕಾದಾಗ ಉರುವಲಾಗುತ್ತಿರುವುದು ಚರಿತ್ರೆಯ ನಷ್ಟ. ಮೇಣದ ಪಡಿರೂಪ ತನ್ನ ಸ್ವಭಾವದಿಂದಲೇ ಅಳಿಯಿತು. ಅದನ್ನು ಉಳಿಸಿಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲ. ಮರದ ಪಡಿರೂಪ ಉಳಿಯಬಲ್ಲದು. ಅದು ಅಳಿಯುವುದು ನಮ್ಮ ಅಲಕ್ಷ್ಯದಿಂದ ಮಾತ್ರ.

ಆದ್ದರಿಂದ ಮೂರು ಕೆಲಸಗಳು ತುರ್ತಾಗಿ ನಡೆಯಬೇಕಾಗಿವೆ. ಹುಬ್ಬಳ್ಳಿ ಮತ್ತು ಬೆಳಗಾವಿಯ ಎರಕಶಾಲೆಗಳಲ್ಲಿ ಉಳಿದಿರುವ ಮರದ ಪಡಿರೂಪಗಳನ್ನು ಅಳತೆ, ಗುರುತಿನ ಅಕ್ಷರ, ಬಳಕೆಯ ಕಾಲ ಇವುಗಳೊಡನೆ ಪಟ್ಟಿಮಾಡಬೇಕು. ಪಡಿರೂಪ ಕೆತ್ತುವ, ಅಚ್ಚು ಕಟ್ಟುವ ಹಿರಿಯ ಕೆಲಸಗಾರರ ಮಾತುಗಳನ್ನು, ವಿಶೇಷವಾಗಿ ಅವರ ವೃತ್ತಿಪದಗಳನ್ನು, ಕನ್ನಡ ಮತ್ತು ಮರಾಠಿಗಳು ಬೆರೆತ ಅವುಗಳ ಮೂಲರೂಪದಲ್ಲಿಯೇ ಧ್ವನಿಮುದ್ರಿಸಬೇಕು. 1939ರಲ್ಲಿ ಧಾರವಾಡದಲ್ಲಿ ಸ್ಥಾಪನೆಗೊಂಡ ಕನ್ನಡ ಸಂಶೋಧನಾ ಸಂಸ್ಥೆಯಂತಹ ಕೇಂದ್ರಗಳ ವಸ್ತುಸಂಗ್ರಹಾಲಯಗಳಲ್ಲಿ ಲೋಹದ ಮೂರ್ತಿಯ ಪಕ್ಕದಲ್ಲಿ ಅಚ್ಚಿಗೂ ಪಡಿರೂಪಕ್ಕೂ ಸ್ಥಾನ ದೊರೆಯಬೇಕು. ಮೂರನೆಯ ಸೋಮೇಶ್ವರನ ಆಸ್ಥಾನ ಕಂಚುಗಾರರ ಮೇಣ, ಮಣ್ಣು, ತೂಕಗಳ ಲೆಕ್ಕವನ್ನು ಅರಸು ತಿಳಿಯಬೇಕಾದ ವಿದ್ಯೆಯೆಂದು ಬಗೆದು ಬರೆದಿಟ್ಟಿತು. ಸುಮಾರು ಒಂಬೈನೂರು ವರ್ಷಗಳ ಬಳಿಕ ನಮ್ಮ ಕಾಲದ ಅದೇ ಲೆಕ್ಕವನ್ನು ಬರೆದಿಡುವ ಹೊಣೆ ಸಂಶೋಧಕರ ಮೇಲಿದೆ.